ಬಿಳಿಯ ಮೇಲೆ ಬಿಳಿ ಅಕ್ಷರ: ವೆಬ್‌ಸೈಟಿನಲ್ಲಿ ಬಚ್ಚಿಟ್ಟ ಮಾತು ಯಾರಿಗೆ?

ಪ್ರಶ್ನೆ: ಮೂಡಿಗೆರೆ ಹತ್ತಿರ ನಮ್ಮದೊಂದು ಸಣ್ಣ ಹೋಂಸ್ಟೇ ಇದೆ. ವೆಬ್‌ಸೈಟ್ ಮಾಡಿಕೊಟ್ಟವರೇ ಎಸ್‌ಇಒ ಕೂಡ, ಅಂದರೆ ಗೂಗಲ್ ಹುಡುಕಾಟದಲ್ಲಿ ಪುಟ ಮೇಲೆ ಬರುವಂತೆ ಮಾಡುವ ಕೆಲಸವನ್ನೂ, ನೋಡಿಕೊಳ್ಳುತ್ತಾರೆ. ಮೊನ್ನೆ ಮಗ ಪುಟದ ಮೇಲೆ ಮೌಸ್ ಎಳೆದಾಗ, ಕೆಳಗೆ ಖಾಲಿ ಅಂದುಕೊಂಡಿದ್ದ ಜಾಗದಲ್ಲಿ ಸಾಲುಸಾಲು ಅಕ್ಷರ ಕಾಣಿಸಿದವು. ಸುತ್ತಲಿನ ಊರುಗಳ ಹೆಸರು, ‘ಬೆಸ್ಟ್ ಹೋಂಸ್ಟೇ’ ಅಂತ ಹತ್ತಾರು ಸಲ, ಪಕ್ಕದ ಎರಡು ಎಸ್ಟೇಟ್ ಹೋಂಸ್ಟೇಗಳ ಹೆಸರು ಕೂಡ. ಕೇಳಿದರೆ ‘ಎಲ್ಲರೂ ಹಾಕ್ತಾರೆ ಮೇಡಂ, ಗೂಗಲ್‌ಗೆ ಮಾತ್ರ ಕಾಣೋದು, ಯಾರಿಗೂ ತೊಂದರೆ ಇಲ್ಲ’ ಅಂದರು. ಅದೇ ಪುಟದಲ್ಲಿ ‘ಇನ್ನಷ್ಟು ಓದಿ’ ಒತ್ತಿದರೆ ತೆರೆದುಕೊಳ್ಳುವ ಭಾಗವೂ ಇದೆ. ಅದೂ ಅಡಗಿಸಿದ್ದೇ ಅಲ್ಲವೇ? ಇದು ನಿಜವಾಗಿ ತಪ್ಪೇ? ತೆಗೆಸುವುದು ಹೇಗೆ? ಪಕ್ಕದವರಿಗೆ ಹೇಳಬೇಕೇ?

ಉತ್ತರ: ಆ ಬಿಳಿ ಸಾಲುಗಳು ತಪ್ಪು, ಈ ವಾರವೇ ತೆಗೆಸಿ. ‘ಇನ್ನಷ್ಟು ಓದಿ’ ಭಾಗದಲ್ಲಿ ತಪ್ಪೇನೂ ಇಲ್ಲ, ಅದು ಹಾಗೇ ಇರಲಿ. ಎರಡೂ ಮೊದಲ ನೋಟಕ್ಕೆ ಕಾಣದ ಅಕ್ಷರಗಳೇ. ಆದರೆ ಒಂದನ್ನು ಓದುವವರ ಅನುಕೂಲಕ್ಕೆ ಮಡಿಸಿಟ್ಟಿದ್ದಾರೆ, ಇನ್ನೊಂದನ್ನು ಓದುವವರ ಕಣ್ಣು ತಪ್ಪಿಸಿ ಬಚ್ಚಿಟ್ಟಿದ್ದಾರೆ.

‘ಯಾರಿಗೂ ತೊಂದರೆ ಇಲ್ಲ’ ಅಂದರಲ್ಲ, ಮೊದಲು ಆ ಮಾತನ್ನೇ ಪರೀಕ್ಷೆ ಮಾಡಿ ನೋಡಿ. ವಿಂಡೋಸ್ ಕಂಪ್ಯೂಟರಿನಲ್ಲಿ ಎನ್‌ವಿಡಿಎ ಎಂಬ ಸ್ಕ್ರೀನ್ ರೀಡರ್, ಅಂದರೆ ಪರದೆಯ ಅಕ್ಷರವನ್ನು ಗಟ್ಟಿಯಾಗಿ ಓದಿ ಹೇಳುವ ತಂತ್ರಾಂಶ, ಹಾಕಿಕೊಳ್ಳಿ. ಅದು ಉಚಿತ. ಅದರ ಜೊತೆಗೇ ಬರುವ ಇ-ಸ್ಪೀಕ್ ಧ್ವನಿಗೆ ಕನ್ನಡವೂ ಗೊತ್ತು. ನಿಮ್ಮ ಪುಟ ತೆರೆದು, ಕಣ್ಣು ಮುಚ್ಚಿ, ಕೆಳಮುಖ ಬಾಣದ ಕೀಲಿ ಒತ್ತುತ್ತಾ ಹೋಗಿ. ಕೋಣೆಗಳ ವಿವರ ಬರುತ್ತದೆ, ಊಟದ ವಿವರ ಬರುತ್ತದೆ. ಆಮೇಲೆ ಫೋನ್ ನಂಬರ್ ಬರಬೇಕಾದ ಕಡೆ ‘ಬೆಸ್ಟ್ ಹೋಂಸ್ಟೇ ಮೂಡಿಗೆರೆ, ಬೆಸ್ಟ್ ಹೋಂಸ್ಟೇ ಕಳಸ, ಬೆಸ್ಟ್ ಹೋಂಸ್ಟೇ ಸಕಲೇಶಪುರ’ ಎಂದು ಶುರುವಾಗುತ್ತದೆ. ಅದು ಮುಗಿಯುವವರೆಗೆ ಫೋನ್ ನಂಬರ್ ಸಿಗುವುದಿಲ್ಲ. ಸ್ಕ್ರೀನ್ ರೀಡರ್ ಬಣ್ಣ ನೋಡಿ ಅಕ್ಷರವನ್ನು ಬಿಡುವುದಿಲ್ಲ. ಬಿಳಿಯ ಮೇಲೆ ಬಿಳಿ ಬರೆದರೂ ಓದುತ್ತದೆ, ಒಪ್ಯಾಸಿಟಿಯನ್ನು (ಅಕ್ಷರ ಎಷ್ಟು ಗಾಢವಾಗಿ ಕಾಣಬೇಕೆಂಬ ಅಳತೆ) ಸೊನ್ನೆಗೆ ಇಳಿಸಿದರೂ ಓದುತ್ತದೆ, ಪರದೆಯ ಎಡಕ್ಕೆ ಸಾವಿರಾರು ಪಿಕ್ಸೆಲ್ ಆಚೆ ತಳ್ಳಿದರೂ ಓದುತ್ತದೆ. ಪುಟದ ಅಂದ ನಿರ್ಧರಿಸುವ ಕೋಡಾದ ಸಿಎಸ್‌ಎಸ್‌ನಲ್ಲಿ ಡಿಸ್‌ಪ್ಲೇ-ನನ್ ಅಥವಾ ವಿಸಿಬಿಲಿಟಿ-ಹಿಡನ್ ಎಂದು ಬರೆದಿದ್ದರೆ ಬಿಟ್ಟು ಮುಂದೆ ಹೋಗುತ್ತದೆ. ಕಣ್ಣಿದ್ದವರಿಂದ ಅಡಗಿಸಿದ್ದು ಕಣ್ಣಿಲ್ಲದವರ ಕಿವಿಗೆ ಪೂರ್ತಿ ಬೀಳುತ್ತಿದೆ. ನಿಮ್ಮಲ್ಲಿ ಕೋಣೆ ಕೇಳಲು ಬಂದ ಒಬ್ಬ ಅತಿಥಿಯನ್ನು ಹೀಗೆ ನಡೆಸಿಕೊಂಡಂತಾಯಿತು, ಅದೂ ನಿಮಗೆ ಗೊತ್ತೇ ಇಲ್ಲದೆ.

ಕಣ್ಣಿದ್ದವರೂ ತಪ್ಪಿಸಿಕೊಳ್ಳುವುದಿಲ್ಲ. ಯಾರಾದರೂ ನಿಮ್ಮ ವಿಳಾಸವನ್ನು ಪುಟದ ಕೆಳಗಿಂದ ಕಾಪಿ ಮಾಡಿ ಮನೆಯವರ ವಾಟ್ಸಾಪ್ ಗುಂಪಿಗೆ ಹಾಕಲು ಹೋದರೆ, ಬಿಳಿ ಸಾಲುಗಳೂ ಅದರ ಜೊತೆ ಬಂದು ಕಪ್ಪಗೆ ಕಾಣಿಸುತ್ತವೆ. ಪಕ್ಕದ ಎಸ್ಟೇಟಿನ ಹೆಸರೂ ಅದರಲ್ಲಿ ಇರುತ್ತದೆ. ಮಡಿಕೆ ಬಿಚ್ಚುವ ಹಾಗೆ, ಒಂದು ಕಂಟ್ರೋಲ್-ಸಿ ಸಾಕು.

ಇದು ಇತ್ತೀಚಿನ ಕಾಯಿಲೆಯಲ್ಲ. 1990ರ ದಶಕದ ಹುಡುಕು ಯಂತ್ರಗಳು ಒಂದು ಪದ ಪುಟದಲ್ಲಿ ಎಷ್ಟು ಸಲ ಬಂದಿದೆ ಎಂಬುದಕ್ಕೆ ಬಹಳ ತೂಕ ಕೊಡುತ್ತಿದ್ದವು, ಹಾಗಾಗಿ ಪುಟದ ಬುಡದಲ್ಲಿ ಹಿನ್ನೆಲೆಯ ಬಣ್ಣದಲ್ಲೇ ನೂರಾರು ಪದ ತುರುಕುವುದು ಮಾಮೂಲಾಗಿತ್ತು. ಸ್ಟ್ಯಾನ್‌ಫರ್ಡ್‌ನಲ್ಲಿ ವಿದ್ಯಾರ್ಥಿಗಳಾಗಿದ್ದ ಸೆರ್ಗೆ ಬ್ರಿನ್ ಮತ್ತು ಲ್ಯಾರಿ ಪೇಜ್ 1998ರಲ್ಲಿ ಗೂಗಲ್ ಬಗ್ಗೆ ಬರೆದ ಪ್ರಬಂಧದಲ್ಲೇ ಈ ವಿಷಯ ಬರುತ್ತದೆ: ಓದುವವರಿಗೆ ನೇರವಾಗಿ ಕಾಣದ ಯಾವ ಅಕ್ಷರವೇ ಆಗಲಿ, ಅದನ್ನು ಹುಡುಕು ಯಂತ್ರಗಳನ್ನು ತಿರುಚಲು ದುರುಪಯೋಗ ಮಾಡುತ್ತಾರೆ, ಅದನ್ನೇ ದಂಧೆ ಮಾಡಿಕೊಂಡ ಕಂಪನಿಗಳೂ ಇವೆ ಎಂದು. ಹುಡುಕು ಯಂತ್ರಕ್ಕೆಂದು ಪುಟದ ಕೋಡಿನಲ್ಲಿ ಪದಗಳನ್ನು ಬರೆದಿಡುವ ಮೆಟಾ ಕೀವರ್ಡ್ ಎಂಬ ಟ್ಯಾಗ್ ಕೆಟ್ಟಿದ್ದೂ ಹೀಗೇ. ರ‍್ಯಾಂಕಿಂಗ್‌ಗೆ ಅದನ್ನು ನೋಡುವುದೇ ಇಲ್ಲ ಎಂದು ಗೂಗಲ್ 2009ರಲ್ಲಿ ಬಹಿರಂಗವಾಗಿ ಹೇಳಿತು. ಇಂದಿಗೂ ಅದನ್ನು ತುಂಬಿ ಬಿಲ್ ಮಾಡುವವರಿದ್ದಾರೆ, ಆ ದುಡ್ಡು ಕೊಡಬೇಡಿ.

ಇದರ ನೈತಿಕತೆಯನ್ನು ಅರ್ಥ ಮಾಡಿಕೊಳ್ಳಲು ಎಲ್ಲಕ್ಕಿಂತ ಒಳ್ಳೆಯ ಉದಾಹರಣೆ ಸೈಟ್ ಕಟ್ಟುವ ತಂತ್ರಾಂಶವಾದ ವರ್ಡ್‌ಪ್ರೆಸ್‌ನದು. ನಿಮ್ಮ ಸೈಟೂ ಬಹುಶಃ ಅದರ ಮೇಲೇ ಕಟ್ಟಿದ್ದು. 2005ರ ಮಾರ್ಚ್ ಕೊನೆಯಲ್ಲಿ ಆ್ಯಂಡಿ ಬೈಯೋ ಎಂಬ ಬ್ಲಾಗ್ ಲೇಖಕರು ಒಂದು ಸಂಗತಿ ಹೊರಗೆಳೆದರು. ವರ್ಡ್‌ಪ್ರೆಸ್ ಯೋಜನೆಯ ಅಧಿಕೃತ ತಾಣದಲ್ಲಿ ಆಸ್ಬೆಸ್ಟಸ್, ಸಾಲ, ಮಾರ್ಟ್‌ಗೇಜ್ ಮುಂತಾದ ಜಾಹೀರಾತಿನ ದುಡ್ಡು ಹೆಚ್ಚು ಹುಟ್ಟುವ ವಿಷಯಗಳ ಮೇಲೆ ಸುಮಾರು 1,68,000 ಲೇಖನಗಳು ಕೂತಿದ್ದವು. ಅವುಗಳಿಗೆ ಹೋಗುವ ಕೊಂಡಿಗಳು ಮುಖಪುಟದಲ್ಲೇ ಇದ್ದವು, ಆದರೆ ಸಿಎಸ್‌ಎಸ್ ಬಳಸಿ ಕಣ್ಣಿಗೆ ಬೀಳದ ಹಾಗೆ ಮಾಡಿದ್ದರು. ಸ್ಥಾಪಕರಲ್ಲೊಬ್ಬರಾದ ಮ್ಯಾಟ್ ಮುಲ್ಲೆನ್‌ವೆಗ್ ಒಂದು ಕಂಪನಿಯಿಂದ ದುಡ್ಡು ಪಡೆದು ಇದಕ್ಕೆ ಜಾಗ ಕೊಟ್ಟಿದ್ದರು. ಆ ಹಣ ಉಚಿತ ತಂತ್ರಾಂಶದ ಖರ್ಚಿಗೆ ಬೇಕಿತ್ತು. ಗೂಗಲ್ ಆ ಪುಟಗಳನ್ನು ತೆಗೆದುಹಾಕಿತು, ಮುಲ್ಲೆನ್‌ವೆಗ್ ಲೇಖನಗಳನ್ನು ಕಿತ್ತು ತಪ್ಪೊಪ್ಪಿಕೊಂಡರು.

ಇಲ್ಲಿ ಉದ್ದೇಶ ಕೆಟ್ಟದ್ದಾಗಿರಲಿಲ್ಲ. ಪ್ರಾಯೋಜಿತ ಲೇಖನ ಹಾಕುವುದೂ ಅಪರಾಧವಲ್ಲ. ‘ಪ್ರಾಯೋಜಿತ’ ಎಂದು ಬರೆದು ಕಣ್ಣಿಗೆ ಕಾಣುವಂತೆ ಕೊಂಡಿ ಕೊಟ್ಟಿದ್ದರೆ ಬಳಕೆದಾರರು ಗೊಣಗಬಹುದಿತ್ತು, ಚರ್ಚೆ ಆಗಬಹುದಿತ್ತು, ಬಹುಶಃ ಬೇಡವೆಂದೂ ಹೇಳಬಹುದಿತ್ತು. ಅಡಗಿಸಿದ್ದರಿಂದ ಆ ‘ಬೇಡ’ ಎನ್ನುವ ಅವಕಾಶವೇ ಅವರಿಗೆ ಸಿಗಲಿಲ್ಲ. ಅಡಗಿಸಿದ ಅಕ್ಷರದ ಮೂಲ ದೋಷ ಇದೇ ಎಂಬುದು ನನ್ನ ಖಚಿತ ಅಭಿಪ್ರಾಯ. ಪುಟಕ್ಕೆ ಬಂದವರ ಹೆಸರಿನಲ್ಲಿ ಯಂತ್ರಕ್ಕೆ ಒಂದು ಮಾತು ಹೇಳುತ್ತೇವೆ, ಆ ಮಾತು ಅವರ ಕಿವಿಗೆ ಬೀಳಬಾರದೆಂದು ನೋಡಿಕೊಳ್ಳುತ್ತೇವೆ. ಪುಸ್ತಕದ ಕೊನೆಯಲ್ಲಿ ಪದಸೂಚಿ ಇರುತ್ತದಲ್ಲ, ಅದರಲ್ಲಿ ‘ಕಳಸ, ಪುಟ 42’ ಎಂದು ಕೊಟ್ಟು 42ನೇ ಪುಟದಲ್ಲಿ ಕಳಸದ ಸುದ್ದಿಯೇ ಇಲ್ಲದಿದ್ದರೆ ಹೇಗಿರುತ್ತದೆ? ಹುಡುಕು ಯಂತ್ರ ಎಂದರೆ ಇಡೀ ಜಾಲದ ಪದಸೂಚಿ. ಅದನ್ನು ಕೆಡಿಸಿದರೆ ನಷ್ಟ ಪುಟ ತಿರುವಿದವರಿಗೆ.

‘ಗೂಗಲ್ ಒಂದು ಖಾಸಗಿ ಕಂಪನಿ, ಅದರ ನಿಯಮ ಮೀರಿದರೆ ಅದು ಹೇಗೆ ಅನೈತಿಕ?’ ಎಂದು ಕೆಲವರು ವಾದಿಸುತ್ತಾರೆ. ಆ ವಾದದಲ್ಲಿ ಹುರುಳಿದೆ. ಒಂದು ಕಂಪನಿಯ ನಿಯಮಪಟ್ಟಿ ಧರ್ಮಶಾಸ್ತ್ರವಲ್ಲ, ನಾಳೆ ಬದಲಾಗಬಹುದು. ಆದ್ದರಿಂದಲೇ ನಾನು ಮೊದಲು ಸ್ಕ್ರೀನ್ ರೀಡರ್ ವಿಷಯ ಎತ್ತಿದ್ದು. ಗೂಗಲ್ ಇಲ್ಲದಿದ್ದರೂ ಆ ತೊಂದರೆ ಇರುತ್ತಿತ್ತು.

ನಿಯಮದ ಮಾತಿಗೆ ಬಂದರೆ, ಗೂಗಲ್‌ನ ಸ್ಪ್ಯಾಮ್ ನೀತಿಯಲ್ಲಿ ಅಡಗಿಸಿದ ಅಕ್ಷರ ಮತ್ತು ಕೊಂಡಿಗಳಿಗೆ ಪ್ರತ್ಯೇಕ ಜಾಗವಿದೆ. ಬಿಳಿ ಹಿನ್ನೆಲೆಯಲ್ಲಿ ಬಿಳಿ ಅಕ್ಷರ, ಚಿತ್ರದ ಹಿಂದೆ ಅಡಗಿಸಿದ ಅಕ್ಷರ, ಪರದೆಯಾಚೆ ತಳ್ಳಿದ್ದು, ಅಕ್ಷರದ ಗಾತ್ರ ಅಥವಾ ಒಪ್ಯಾಸಿಟಿ ಸೊನ್ನೆ ಮಾಡಿದ್ದು, ವಾಕ್ಯದ ನಡುವಿನ ಒಂದು ಅಡ್ಡಗೆರೆಗೆ ಮಾತ್ರ ಕೊಂಡಿ ಹಾಕಿದ್ದು, ಇಷ್ಟನ್ನೂ ಹೆಸರು ಹಿಡಿದು ಹೇಳಿದ್ದಾರೆ. ಅದೇ ನೀತಿಯಲ್ಲಿ ತಪ್ಪಲ್ಲದ್ದನ್ನೂ ಹೇಳಿದ್ದಾರೆ. ಒತ್ತಿದರೆ ತೆರೆಯುವ ಅಕಾರ್ಡಿಯನ್, ಟ್ಯಾಬ್, ಒಂದಾದ ಮೇಲೊಂದು ಬರುವ ಸ್ಲೈಡ್, ಮೌಸ್ ಇಟ್ಟಾಗ ಕಾಣುವ ಟೂಲ್‌ಟಿಪ್, ಸ್ಕ್ರೀನ್ ರೀಡರ್ ಬಳಸುವವರಿಗೆಂದೇ ಇಟ್ಟ ಅಕ್ಷರ. ನಿಮ್ಮ ‘ಇನ್ನಷ್ಟು ಓದಿ’ ಈ ಸಾಲಿಗೆ ಸೇರಿದ್ದು. ಹಿಂದೆ ಇಂಥ ಮಡಿಸಿದ ಭಾಗಕ್ಕೆ ಗೂಗಲ್ ಕಡಿಮೆ ತೂಕ ಕೊಡುತ್ತಿತ್ತು. ಮೊಬೈಲ್ ಪುಟವನ್ನೇ ಮುಖ್ಯವಾಗಿ ನೋಡಲು ಶುರು ಮಾಡಿದ ಮೇಲೆ, ಸಣ್ಣ ಪರದೆಯಲ್ಲಿ ಮಡಿಸಿಡುವುದು ಅನಿವಾರ್ಯ ಎಂದು ಒಪ್ಪಿ ಪೂರ್ತಿ ತೂಕ ಕೊಡುತ್ತದೆ. ಒಂದೇ ಎಚ್ಚರಿಕೆ ಇದೆ. ಆ ಭಾಗದ ಅಕ್ಷರ ಪುಟ ತೆರೆದಾಗಲೇ ಎಚ್‌ಟಿಎಮ್‌ಎಲ್‌ನಲ್ಲಿ, ಅಂದರೆ ಪುಟದ ಕೋಡಿನಲ್ಲಿ, ಇರಬೇಕು. ಗುಂಡಿ ಒತ್ತಿದ ಮೇಲೆ ಸರ್ವರ್‌ನಿಂದ ತರಿಸುವ ಹಾಗಿದ್ದರೆ, ಪುಟಗಳನ್ನು ಓದಿಕೊಂಡು ಹೋಗುವ ಗೂಗಲ್‌ನ ತಂತ್ರಾಂಶವಾದ ಗೂಗಲ್‌ಬಾಟ್‌ಗೆ ಅದು ಸಿಗುವುದಿಲ್ಲ, ಏಕೆಂದರೆ ಬಾಟ್ ಗುಂಡಿ ಒತ್ತುವುದಿಲ್ಲ. ಡೀಟೇಲ್ಸ್ ಮತ್ತು ಸಮ್ಮರಿ ಎಂಬ ಎರಡು ಸಾದಾ ಟ್ಯಾಗ್‌ಗಳಲ್ಲಿ ಇದನ್ನು ಮಾಡಿಸಿದರೆ ಜಾವಾಸ್ಕ್ರಿಪ್ಟ್ ಗೊಡವೆಯೇ ಬೇಡ.

ಇನ್ನು ‘ಗೂಗಲ್‌ಗೆ ಮಾತ್ರ ಕಾಣೋದು’ ಎಂಬ ಮಾತು. ಅದು ಹಳೆಯ ಕಾಲದ ಲೆಕ್ಕ. 2019ರ ಮೇ ತಿಂಗಳಿಂದ ಗೂಗಲ್‌ಬಾಟ್ ಕ್ರೋಮ್ ಬ್ರೌಸರಿನ ತಳಹದಿಯಾದ ಕ್ರೋಮಿಯಂನ ಇತ್ತೀಚಿನ ಆವೃತ್ತಿ ಬಳಸಿ ಪುಟವನ್ನು ನಿಮ್ಮ ಬ್ರೌಸರಿನ ಹಾಗೆಯೇ ಬಿಡಿಸಿಕೊಂಡು ನೋಡುತ್ತದೆ. ಅಕ್ಷರದ ಬಣ್ಣ, ಗಾತ್ರ, ಜಾಗ ಎಲ್ಲವೂ ಅದಕ್ಕೆ ಸಿಗುತ್ತದೆ. ಬಹಳಷ್ಟು ಸಲ ಆ ಸಾಲುಗಳನ್ನು ಸುಮ್ಮನೆ ಪಕ್ಕಕ್ಕಿಡುತ್ತದೆ, ಅಂದರೆ ನೀವು ಕೊಟ್ಟ ದುಡ್ಡು ನೀರಿನಲ್ಲಿ ಹೋಮ. ಕೆಲವೊಮ್ಮೆ ಮನುಷ್ಯರೇ ನೋಡಿ ‘ಮ್ಯಾನ್ಯುಯಲ್ ಆ್ಯಕ್ಷನ್’ ಹಾಕುತ್ತಾರೆ, ಆಗ ಪುಟವೋ ಇಡೀ ಸೈಟೋ ಫಲಿತಾಂಶದಿಂದ ಕೆಳಗಿಳಿಯುತ್ತದೆ ಅಥವಾ ಮಾಯವಾಗುತ್ತದೆ. ದೊಡ್ಡವರಿಗೂ ವಿನಾಯಿತಿ ಇಲ್ಲ. 2006ರ ಫೆಬ್ರವರಿಯಲ್ಲಿ ಬಿಎಮ್‌ಡಬ್ಲ್ಯು ಕಂಪನಿಯ ಜರ್ಮನ್ ತಾಣವನ್ನೇ ಗೂಗಲ್ ಕಿತ್ತುಹಾಕಿತ್ತು. ಬಾಟ್‌ಗೆ ಸಿಗುತ್ತಿದ್ದ ಪುಟದಲ್ಲಿ ‘ಹಳೆಯ ಕಾರು’ ಎಂಬರ್ಥದ ಜರ್ಮನ್ ಪದ ಮತ್ತೆ ಮತ್ತೆ ತುಂಬಿತ್ತು, ಮನುಷ್ಯರು ಹೋದರೆ ಜಾವಾಸ್ಕ್ರಿಪ್ಟ್ ಅವರನ್ನು ಚಿತ್ರಗಳಿರುವ ಬೇರೆ ಪುಟಕ್ಕೆ ಕಳಿಸುತ್ತಿತ್ತು. ಸರಿಪಡಿಸಿದ ಮೇಲೆ ಕೆಲವೇ ದಿನಗಳಲ್ಲಿ ವಾಪಸ್ ಬಂತು. ಅಂಥ ಕಂಪನಿಗೆ ಕೆಲವು ದಿನ ತಡೆದುಕೊಳ್ಳುವ ಶಕ್ತಿ ಇದೆ. ಡಿಸೆಂಬರ್ ರಜೆಯ ಬುಕಿಂಗ್ ನಂಬಿಕೊಂಡ ನಾಲ್ಕು ಕೋಣೆಯ ಹೋಂಸ್ಟೇಗೆ ಇಲ್ಲ.

ಪಕ್ಕದವರ ಹೆಸರು ಇರುವುದು ಇದಕ್ಕಿಂತ ಗಂಭೀರ. ಇದು ಗೂಗಲ್ ನಿಯಮದಿಂದಾಚೆ ದೇಶದ ಕಾನೂನಿಗೆ ತಗಲುತ್ತದೆ. ಶಾದಿ ಡಾಟ್ ಕಾಮ್ ಹೆಸರನ್ನು ತನ್ನ ಮೆಟಾ ಟ್ಯಾಗ್‌ಗಳಲ್ಲಿ ಸೇರಿಸಿಕೊಂಡು ಜನರನ್ನು ತನ್ನತ್ತ ತಿರುಗಿಸಿಕೊಳ್ಳುತ್ತಿದ್ದ ಇನ್ನೊಂದು ವಿವಾಹ ತಾಣದ ವಿರುದ್ಧ ಮುಂಬೈ ಹೈಕೋರ್ಟ್ 2014ರಲ್ಲಿ ಆದೇಶ ಕೊಟ್ಟಿತು. ಕಣ್ಣಿಗೆ ಕಾಣದ ಕಡೆ ಬರೆದಿದ್ದೇನೆ ಎನ್ನುವುದು ರಕ್ಷಣೆ ಆಗಲಿಲ್ಲ. ಹೆಸರು ಟ್ರೇಡ್‌ಮಾರ್ಕ್ ಆಗಿ ನೋಂದಣಿ ಆಗದಿದ್ದರೂ, ಅವರು ಗಳಿಸಿದ ಹೆಸರನ್ನು ನಿಮ್ಮದೆಂಬಂತೆ ಬಳಸಿದರೆ ‘ಪಾಸಿಂಗ್ ಆಫ್’ ಎಂದು ದಾವೆ ಹೂಡಬಹುದು. ಹಾಗೆಂದು ಬೇರೆಯವರ ಹೆಸರು ಎತ್ತುವುದೇ ತಪ್ಪು ಎಂದಲ್ಲ. ಅಮೆರಿಕದ ಒಂಬತ್ತನೇ ಸರ್ಕ್ಯೂಟ್ ಮೇಲ್ಮನವಿ ನ್ಯಾಯಾಲಯ 2002ರಲ್ಲಿ ಪ್ಲೇಬಾಯ್ ಪತ್ರಿಕೆಯ ಒಂದು ಪ್ರಕರಣದಲ್ಲಿ ಈ ಗೆರೆಯನ್ನು ಚೆನ್ನಾಗಿ ಎಳೆಯಿತು. ಹಿಂದೆ ಆ ಪತ್ರಿಕೆಯ ಬಿರುದು ಪಡೆದಿದ್ದ ರೂಪದರ್ಶಿಯೊಬ್ಬರು ತಾನು ಯಾರೆಂದು ಹೇಳಲು ಆ ಪದಗಳನ್ನು ಮೆಟಾ ಟ್ಯಾಗ್‌ನಲ್ಲಿ ಬಳಸಿದ್ದು ಸರಿ, ಏಕೆಂದರೆ ಅದು ನಿಜ. ಆದರೆ ಬಿರುದಿನ ಸಂಕ್ಷಿಪ್ತ ರೂಪವನ್ನು ಪುಟದ ಹಿನ್ನೆಲೆಯ ತುಂಬ ಮತ್ತೆ ಮತ್ತೆ ಅಚ್ಚೊತ್ತಿದ್ದಕ್ಕೆ ಆ ರಕ್ಷಣೆ ಸಿಗಲಿಲ್ಲ. ನಿಮ್ಮ ಪುಟದಲ್ಲಿ ‘ಪಕ್ಕದ ಎಸ್ಟೇಟಿನವರ ಗೇಟು ದಾಟಿ ಬಲಕ್ಕೆ ತಿರುಗಿ’ ಎಂದು ದಾರಿ ಹೇಳಿದರೆ ಯಾರೂ ಬೇಡ ಅನ್ನುವುದಿಲ್ಲ. ಅವರ ಹೆಸರು ಹುಡುಕಿ ಬಂದವರನ್ನು ದಾರಿ ತಪ್ಪಿಸಿ ನಿಮ್ಮ ಅಂಗಳಕ್ಕೆ ಎಳೆದರೆ ಅದು ಅವರ ಗಿರಾಕಿಯನ್ನು ಕದ್ದ ಹಾಗೆ.

ಯಾವುದು ಸರಿ, ಯಾವುದು ತಪ್ಪು ಎಂದು ಪ್ರತಿಸಲ ನಿಯಮ ಓದುತ್ತಾ ಕೂರಲು ಆಗುವುದಿಲ್ಲ. ಅಡಗಿರುವ ಸಾಲನ್ನು ಫೋನಿನಲ್ಲಿ ವಿಚಾರಿಸುತ್ತಿರುವ ಅತಿಥಿಗೆ ಗಟ್ಟಿಯಾಗಿ ಓದಿ ಹೇಳಬಲ್ಲಿರಾ, ಅದರಿಂದ ಅವರಿಗೆ ಏನಾದರೂ ತಿಳಿಯುತ್ತದೆಯೇ ಎಂದು ನೋಡಿಕೊಳ್ಳಿ. ‘ಮಗುವಿಗೆ ಬಿಸಿನೀರು ಬೆಳಗ್ಗೆ ಆರರಿಂದ’ ಎಂದು ‘ಇನ್ನಷ್ಟು ಓದಿ’ ಒಳಗೆ ಇದ್ದರೆ ಓದಬಲ್ಲಿರಿ. ‘ಬೆಸ್ಟ್ ಹೋಂಸ್ಟೇ ಕಳಸ ಬೆಸ್ಟ್ ಹೋಂಸ್ಟೇ ಬಾಳೂರು’ ಎಂದು ಓದಿದರೆ ಅವರು ಫೋನ್ ಇಡುತ್ತಾರೆ.

ಸ್ಕ್ರೀನ್ ರೀಡರ್‌ಗೆಂದೇ ಅಡಗಿಸುವ ಅಕ್ಷರ ಈ ಪರೀಕ್ಷೆಯಲ್ಲಿ ಗೆಲ್ಲುತ್ತದೆ, ಅದನ್ನು ನೀವು ಧೈರ್ಯವಾಗಿ ಬಳಸಬೇಕು ಕೂಡ. ನಿಮ್ಮ ಪುಟದ ಮೇಲ್ಭಾಗದಲ್ಲಿ ಬರೀ ಫೋನಿನ ಚಿತ್ರ ಇದ್ದರೆ, ಕಣ್ಣಿಲ್ಲದವರಿಗೆ ಅದು ಹೆಸರಿಲ್ಲದ ‘ಲಿಂಕ್’ ಎಂದಷ್ಟೇ ಕೇಳಿಸುತ್ತದೆ. ಅದರೊಳಗೆ ‘ಕರೆ ಮಾಡಿ’ ಎಂದು ಬರೆದು ಕಣ್ಣಿಗೆ ಮಾತ್ರ ಅಡಗಿಸಬೇಕು. ಅದಕ್ಕೆ ಡಿಸ್‌ಪ್ಲೇ-ನನ್ ಹಾಕಿದರೆ ಕೆಲಸ ಕೆಟ್ಟಿತು, ಸ್ಕ್ರೀನ್ ರೀಡರ್‌ಗೂ ಸಿಗುವುದಿಲ್ಲ. ಆ ಅಕ್ಷರದ ಪೆಟ್ಟಿಗೆಯನ್ನು ಒಂದು ಪಿಕ್ಸೆಲ್ ಅಗಲ, ಒಂದು ಪಿಕ್ಸೆಲ್ ಎತ್ತರಕ್ಕೆ ಇಳಿಸಿ, ಪೊಸಿಷನ್ ಆ್ಯಬ್ಸಲ್ಯೂಟ್ ಕೊಟ್ಟು, ಹೊರಗೆ ಚೆಲ್ಲುವುದನ್ನು ಓವರ್‌ಫ್ಲೋ-ಹಿಡನ್‌ನಿಂದ ಕತ್ತರಿಸುವುದು ವಾಡಿಕೆಯ ವಿಧಾನ. ಬೂಟ್‌ಸ್ಟ್ರ್ಯಾಪ್ ಎಂಬ ಸಿದ್ಧ ಸಿಎಸ್‌ಎಸ್ ಕಟ್ಟು ಬಳಸಿದ್ದರೆ ಐದನೇ ಆವೃತ್ತಿಯಲ್ಲಿ ‘ವಿಶುವಲಿ-ಹಿಡನ್’ ಎಂಬ ಕ್ಲಾಸ್ ಇದಕ್ಕೇ ಇದೆ. ಹೀಗೆ ಅಡಗಿಸಿದ್ದು ನಾಲ್ಕೈದು ಪದಕ್ಕಿಂತ ಉದ್ದ ಬೆಳೆದರೆ ಅನುಮಾನ ಪಡಿ. ಸಹಾಯದ ಹೆಸರಿನಲ್ಲಿ ಇದೇ ಕ್ಲಾಸಿನೊಳಗೆ ಕೀವರ್ಡ್ ತುರುಕುವುದು ನಡೆಯುತ್ತಿದೆ, ಅದು ಬಿಳಿ ಅಕ್ಷರಕ್ಕಿಂತ ಹೀನ.

ಚಿತ್ರ ನೋಡಲಾಗದವರಿಗಾಗಿ ಅದರ ಜೊತೆ ಬರೆಯುವ ವಿವರ, ಅಂದರೆ ಆಲ್ಟ್ ಅಕ್ಷರವೂ ಹಾಗೇ. ಅಂಗಳದ ಫೋಟೋಗೆ ‘ಅಂಗಳದಲ್ಲಿ ಒಣಗಲು ಹರಡಿದ ಕಾಫಿ ಬೀಜ, ಹಿಂದೆ ಹೆಂಚಿನ ಮನೆ’ ಎಂದು ಬರೆದರೆ ನೋಡಲಾಗದವರಿಗೆ ಅಂಗಳ ಕಾಣುತ್ತದೆ, ಗೂಗಲ್‌ಗೂ ಚಿತ್ರ ಅರ್ಥವಾಗುತ್ತದೆ. ಅದೇ ಜಾಗದಲ್ಲಿ ಊರುಗಳ ಪಟ್ಟಿ ಹಾಕಿದರೆ ಇಬ್ಬರಿಗೂ ಏನೂ ಸಿಗುವುದಿಲ್ಲ.

ಕನ್ನಡದ ತಾಣಗಳಲ್ಲಿ ಮಾತ್ರ ಬರುವ ಒಂದು ನಿಜವಾದ ಇಕ್ಕಟ್ಟು ಇದೆ, ಅದನ್ನು ಹೇಳದಿದ್ದರೆ ಉತ್ತರ ಅರೆಬರೆ ಆಗುತ್ತದೆ. ನಮ್ಮವರಲ್ಲಿ ಎಷ್ಟೋ ಜನ ಕನ್ನಡದ್ದನ್ನೇ ಹುಡುಕುವಾಗಲೂ ಇಂಗ್ಲಿಷ್ ಅಕ್ಷರದಲ್ಲಿ ಟೈಪ್ ಮಾಡುತ್ತಾರೆ. ಪುಟ ಶುದ್ಧ ಕನ್ನಡ ಲಿಪಿಯಲ್ಲಿದ್ದರೆ ಅವರಿಗೆ ಸಿಗಲಾರದೆಂಬ ಭಯಕ್ಕೆ, ಅಡುಗೆಯಿಂದ ಹಿಡಿದು ಹೋಂಸ್ಟೇವರೆಗೆ ಎಷ್ಟೋ ತಾಣದವರು ಇಂಗ್ಲಿಷ್ ಅಕ್ಷರದ ಕನ್ನಡ ಪದಗಳನ್ನು ಬಿಳಿ ಬಣ್ಣದಲ್ಲಿ ಬುಡದಲ್ಲಿ ಹಾಕುತ್ತಾರೆ. ಇದರ ಹಿಂದೆ ಮೋಸದ ಉದ್ದೇಶ ಇರುವುದಿಲ್ಲ, ಆದರೂ ದಾರಿ ತಪ್ಪು. ಆ ಪದಗಳು ಓದುವವರಿಗೆ ಬೇಕಾದವೇ, ಹಾಗಿದ್ದ ಮೇಲೆ ಅಡಗಿಸುವುದೇಕೆ? ಪುಟದ ಶೀರ್ಷಿಕೆಯಲ್ಲೇ ಎರಡೂ ಲಿಪಿಯಲ್ಲಿ ಹೆಸರು ಹಾಕಿ. ಪುಟದ ವಿಳಾಸದಲ್ಲಿ ಇಂಗ್ಲಿಷ್ ಅಕ್ಷರ ಬಳಸಿ, ಅದು ಹಂಚಿಕೊಳ್ಳಲೂ ಸುಲಭ. ಮೊದಲ ಪ್ಯಾರಾದಲ್ಲಿ ಒಂದು ಸಲ ಇಂಗ್ಲಿಷ್ ಅಕ್ಷರದ ರೂಪ ಬಂದರೆ ಸಾಕು, ಹತ್ತು ಸಲ ಬೇಡ. ಎಚ್‌ಟಿಎಮ್‌ಎಲ್‌ನಲ್ಲಿ ಕನ್ನಡ ಭಾಗಕ್ಕೆ ಭಾಷೆ ಕನ್ನಡ ಎಂದು ಗುರುತು ಹಾಕಿಸಿ. ಇಲ್ಲದಿದ್ದರೆ ಸ್ಕ್ರೀನ್ ರೀಡರ್ ಇಂಗ್ಲಿಷ್ ಧ್ವನಿಯಲ್ಲೇ ಕನ್ನಡ ಓದಲು ಹೊರಟು ತಡವರಿಸಬಹುದು.

ಇದೇ ರೀತಿ, ನುಡಿ ಅಥವಾ ಬರಹದ ಹಳೆಯ ಫಾಂಟಿನಲ್ಲಿ ಮಾಡಿದ ಪೋಸ್ಟರನ್ನು ಜೆಪೆಗ್ ಚಿತ್ರವಾಗಿ ಏರಿಸಿ, ಅದರ ಅಕ್ಷರವನ್ನೆಲ್ಲ ಚಿತ್ರದ ಹಿಂದೆ ಯೂನಿಕೋಡ್‌ನಲ್ಲಿ ಅಡಗಿಸುವುದೂ ಇದೆ. ಆ ಅಕ್ಷರವನ್ನು ಚಿತ್ರದ ಕೆಳಗೆ ಎಲ್ಲರಿಗೂ ಕಾಣುವ ಹಾಗೆ ಹಾಕಿ. ಮೊಬೈಲಿನಲ್ಲಿ ಪೋಸ್ಟರ್ ಹಿಗ್ಗಿಸಿ ಓದಲು ಕಷ್ಟಪಡುವವರಿಗೂ ಅದರಿಂದ ಉಪಕಾರ.

ಈಗ ಕೆಲಸಕ್ಕೆ ಬನ್ನಿ. ಮಗನನ್ನು ಪಕ್ಕದಲ್ಲಿ ಕೂರಿಸಿಕೊಳ್ಳಿ, ಒಂದು ಗಂಟೆಯ ಕೆಲಸ. ಪುಟ ತೆರೆದು ಕಂಟ್ರೋಲ್-ಎ ಒತ್ತಿದರೆ ಬಣ್ಣದಿಂದ ಅಡಗಿಸಿದ್ದು ಕಾಣುತ್ತದೆ. ಆದರೆ ಡಿಸ್‌ಪ್ಲೇ-ನನ್ ಹಾಕಿದ್ದು ಇದರಲ್ಲಿ ಕಾಣುವುದಿಲ್ಲ, ಹಾಗಾಗಿ ಅಲ್ಲಿಗೇ ನಿಲ್ಲಿಸಬೇಡಿ. ಕಂಟ್ರೋಲ್-ಯು ಒತ್ತಿ ಮೂಲ ಕೋಡ್ ತೆರೆದು, ಅದರಲ್ಲಿ ಪಕ್ಕದ ಎಸ್ಟೇಟಿನ ಹೆಸರು, ‘ಬೆಸ್ಟ್’ ಎಂಬ ಪದ, ಕಳಸ, ಸಕಲೇಶಪುರ ಇವನ್ನು ಒಂದೊಂದಾಗಿ ಹುಡುಕಿ. ಎಷ್ಟು ಸಲ ಸಿಕ್ಕಿತು, ಅದರಲ್ಲಿ ಎಷ್ಟು ಪರದೆಯ ಮೇಲೆ ಕಾಣುತ್ತಿದೆ ಎಂದು ಬರೆದಿಟ್ಟುಕೊಳ್ಳಿ. ಫೈರ್‌ಫಾಕ್ಸ್ ಇದ್ದರೆ ‘ವ್ಯೂ’ ಮೆನುವಿನ ‘ಪೇಜ್ ಸ್ಟೈಲ್’ನಲ್ಲಿ ‘ನೋ ಸ್ಟೈಲ್’ ಆರಿಸಿ. ಸಿಎಸ್‌ಎಸ್‌ನಿಂದ ಅಡಗಿಸಿದ್ದು ಕಪ್ಪಗೆ ಎದುರಿಗೆ ಬಂದು ನಿಲ್ಲುತ್ತದೆ. ಕೊನೆಗೆ, ಸೈಟಿನ ಮಾಲೀಕರಿಗೆಂದು ಗೂಗಲ್ ಕೊಡುವ ಸರ್ಚ್ ಕನ್ಸೋಲ್‌ನಲ್ಲಿ ‘ಯುಆರ್‌ಎಲ್ ಇನ್‌ಸ್ಪೆಕ್ಷನ್’ ಒಳಗೆ ನಿಮ್ಮ ಪುಟದ ವಿಳಾಸ ಕೊಟ್ಟು, ಗೂಗಲ್‌ಗೆ ಸಿಕ್ಕ ಎಚ್‌ಟಿಎಮ್‌ಎಲ್ ನೋಡಿ. ನಿಮಗೆ ಸಿಗುವ ಕೋಡಿನಲ್ಲೂ ಪರದೆಯಲ್ಲೂ ಇಲ್ಲದ ಪದ ಅಲ್ಲಿ ಇದ್ದರೆ ಅದು ಬಾಟ್‌ಗೆ ಬೇರೆ ಪುಟ ತೋರಿಸುವ ‘ಕ್ಲೋಕಿಂಗ್’ ಇರಬಹುದು. ಬಿಳಿ ಅಕ್ಷರಕ್ಕಿಂತ ದೊಡ್ಡ ಉಲ್ಲಂಘನೆ.

ಹುಡುಕುವಾಗ ಜೂಜು, ಮಾತ್ರೆ, ಜಪಾನಿ ಅಕ್ಷರದ ಸಾಲುಗಳು ಎದುರಾದರೆ ಎಸ್‌ಇಒ ಮಾಡಿದವರನ್ನು ಬೈಯುವ ಮೊದಲು ತಡೆಯಿರಿ. ಅದು ಸೈಟು ಹ್ಯಾಕ್ ಆದ ಲಕ್ಷಣ. ಕಳ್ಳ ಪ್ರತಿಯ ‘ನಲ್ಡ್’ ಥೀಮ್‌ಗಳೊಳಗೆ ಇಂಥ ಕೋಡ್ ಎಷ್ಟೋ ಸಲ ಸೇರಿಕೊಂಡೇ ಬರುತ್ತದೆ. ಆಗ ಅಕ್ಷರ ಅಳಿಸಿದರೆ ಸಾಲದು, ಮತ್ತೆ ಹುಟ್ಟುತ್ತದೆ. ಎಲ್ಲ ಪಾಸ್‌ವರ್ಡ್ ಬದಲಿಸಿ, ಬಳಕೆದಾರರ ಪಟ್ಟಿಯಲ್ಲಿ ಮತ್ತು ಸರ್ಚ್ ಕನ್ಸೋಲ್ ಮಾಲೀಕರ ಪಟ್ಟಿಯಲ್ಲಿ ಗೊತ್ತಿಲ್ಲದ ಹೆಸರು ತೆಗೆದು, ಥೀಮ್ ಹೊಸದಾಗಿ ಹಾಕಿಸಬೇಕು.

ಬೇಕೆಂದೇ ಮಾಡದೆ ಅಕ್ಷರ ಅಡಗುವುದೂ ಉಂಟು. ಕಾಡಿನ ಕಡು ಬಣ್ಣದ ಫೋಟೋ ಮೇಲೆ ಬಿಳಿ ಶೀರ್ಷಿಕೆ ಬರೆದಿರುತ್ತಾರೆ. ನಿಧಾನ ನೆಟ್‌ವರ್ಕ್‌ನಲ್ಲಿ ಫೋಟೋ ಬರದಿದ್ದರೆ ಬಿಳಿಯ ಮೇಲೆ ಬಿಳಿ ಉಳಿಯುತ್ತದೆ. ಆ ಪೆಟ್ಟಿಗೆಗೆ ಕಡು ಹಸಿರು ಹಿನ್ನೆಲೆ ಬಣ್ಣ ಕೊಟ್ಟರೆ ಮುಗಿಯಿತು.

ತೆಗೆಯುವ ಮೊದಲು ಪೂರ್ತಿ ಬ್ಯಾಕಪ್ ಮತ್ತು ಆ ಸಾಲುಗಳ ಸ್ಕ್ರೀನ್‌ಶಾಟ್ ಇಟ್ಟುಕೊಳ್ಳಿ. ವರ್ಡ್‌ಪ್ರೆಸ್‌ನಲ್ಲಿ ಇವು ಸಾಮಾನ್ಯವಾಗಿ ಅಡಗುವುದು ಫೂಟರ್ ವಿಜೆಟ್‌ನಲ್ಲಿ, ಥೀಮ್‌ನ ಫೂಟರ್ ಫೈಲಿನಲ್ಲಿ, ಪೇಜ್ ಬಿಲ್ಡರಿನ ಎಚ್‌ಟಿಎಮ್‌ಎಲ್ ತುಂಡಿನಲ್ಲಿ, ಇಲ್ಲವೇ ಹೆಡರ್-ಫೂಟರ್ ಕೋಡ್ ಸೇರಿಸುವ ಪ್ಲಗಿನ್‌ನಲ್ಲಿ. ಅಳಿಸಿದ ಮೇಲೆ ಕ್ಯಾಶ್ (ಬೇಗ ತೋರಿಸಲೆಂದು ಉಳಿಸಿಟ್ಟ ಪುಟದ ಪ್ರತಿ) ಖಾಲಿ ಮಾಡಿ, ಇಲ್ಲದಿದ್ದರೆ ಹಳೆಯ ಪುಟವೇ ಕಾಣುತ್ತಿರುತ್ತದೆ. ನಂತರ ಸರ್ಚ್ ಕನ್ಸೋಲ್‌ನಲ್ಲಿ ‘ಮ್ಯಾನ್ಯುಯಲ್ ಆ್ಯಕ್ಷನ್ಸ್’ ಪುಟ ನೋಡಿ. ಅಲ್ಲಿ ಏನೂ ಇಲ್ಲದಿದ್ದರೆ ಯಾರಿಗೂ ಅರ್ಜಿ ಬರೆಯಬೇಕಿಲ್ಲ, ಆ ಪುಟವನ್ನು ಮತ್ತೆ ಇಂಡೆಕ್ಸ್ ಮಾಡಲು ಕೋರಿಕೆ ಹಾಕಿದರೆ ಸಾಕು. ಕ್ರಮ ಜಾರಿಯಾಗಿದ್ದರೆ ಮಾತ್ರ ಮರುಪರಿಶೀಲನೆ ಕೋರಿ. ಯಾವ ಪುಟದಲ್ಲಿ ಏನು ಇತ್ತು, ಯಾರು ಹಾಕಿದ್ದು, ಯಾವಾಗ ತೆಗೆದಿರಿ, ಮುಂದೆ ಆಗದಂತೆ ಏನು ಮಾಡಿದ್ದೀರಿ, ಇಷ್ಟನ್ನು ಹತ್ತು ಸಾಲಿನಲ್ಲಿ ನೇರವಾಗಿ ಬರೆಯಿರಿ. ಕೆಲವು ದಿನಗಳಿಂದ ಕೆಲವು ವಾರ ಹಿಡಿಯಬಹುದು. ಉತ್ತರ ಬರುವವರೆಗೆ ಮತ್ತೆ ಮತ್ತೆ ಅರ್ಜಿ ಹಾಕಬೇಡಿ.

ಖಾಲಿಯಾದ ಜಾಗದಲ್ಲಿ ಊರುಗಳ ಹೆಸರನ್ನು ನಿಜವಾಗಿ ಉಪಯೋಗಕ್ಕೆ ಬರುವಂತೆ ಬರೆಸಿ. ಉದಾಹರಣೆಗೆ ಹೀಗೆ: ‘ಚಿಕ್ಕಮಗಳೂರಿನಿಂದ ಮೂಡಿಗೆರೆಗೆ ಸುಮಾರು 30 ಕಿ.ಮೀ. ಮಂಗಳೂರು, ಉಜಿರೆ ಕಡೆಯಿಂದ ಬರುವವರು ಚಾರ್ಮಾಡಿ ಘಾಟಿ ಹತ್ತಿ ಕೊಟ್ಟಿಗೆಹಾರದ ಮೇಲೆ ಬನ್ನಿ. ಮಳೆಗಾಲದಲ್ಲಿ ಘಾಟಿಯಲ್ಲಿ ಮಂಜು ದಟ್ಟ, ಕತ್ತಲಾಗುವ ಮೊದಲೇ ಹತ್ತಿಬಿಡಿ. ಕಳಸ, ಹೊರನಾಡಿಗೆ ಇಲ್ಲಿಂದ ಬೆಳಗ್ಗೆ ಹೊರಟರೆ ಸಂಜೆಗೆ ವಾಪಸ್ ಬರಬಹುದು.’ ಅಡಗಿಸಿದ್ದ ಊರುಗಳೇ ಇಲ್ಲಿವೆ, ಆದರೆ ಈಗ ಬೆಂಗಳೂರಿನಲ್ಲಿ ಕೂತು ಯೋಜನೆ ಹಾಕುವವರಿಗೆ ಉತ್ತರ ಸಿಗುತ್ತದೆ. ಕೊನೆಯ ಎರಡು ಮೂರು ಕಿಲೋಮೀಟರ್ ಸಣ್ಣ ಕಾರು ಬರುತ್ತದೋ, ಜೀಪೇ ಬೇಕೋ ಎಂಬುದನ್ನೂ ಸೇರಿಸಿ. ಹೋಂಸ್ಟೇ ಹುಡುಕುವವರಿಗೆ ಅದಕ್ಕಿಂತ ದೊಡ್ಡ ಕೀವರ್ಡ್ ಇಲ್ಲ.

ಎಸ್‌ಇಒ ನೋಡಿಕೊಳ್ಳುವವರ ಜೊತೆ ಜಗಳ ಬೇಡ, ಬರವಣಿಗೆಯಲ್ಲಿ ಮಾತಾಡಿ. ಈವರೆಗೆ ಪುಟದಲ್ಲಿ ಏನೇನು ಸೇರಿಸಿದ್ದೀರಿ ಎಂಬ ಪಟ್ಟಿ ಕೇಳಿ, ಅಡಗಿಸಿದ ಕೊಂಡಿಗಳೂ ಸೇರಿದಂತೆ. ನಿಮ್ಮ ಪುಟದಿಂದ ಅವರ ಬೇರೆ ಗಿರಾಕಿಗಳ ಸೈಟಿಗೆ ಗುಟ್ಟಾಗಿ ಕೊಂಡಿ ಹೋಗಿದ್ದರೆ ಅಲ್ಲಿ ಸಿಕ್ಕಿಬೀಳುತ್ತದೆ. ಡೊಮೇನ್, ಹೋಸ್ಟಿಂಗ್, ಸರ್ಚ್ ಕನ್ಸೋಲ್ ಮೂರರ ಮಾಲೀಕತ್ವ ನಿಮ್ಮ ಇಮೇಲಿನಲ್ಲಿ ಇರಲಿ, ಅವರಿಗೆ ಬಳಕೆಯ ಹಕ್ಕು ಮಾತ್ರ ಕೊಡಿ. ‘ಮೊದಲ ಸ್ಥಾನ ಗ್ಯಾರಂಟಿ’ ಎಂಬ ಮಾತು ಒಪ್ಪಂದದಲ್ಲಿ ಇದ್ದರೆ ಅಲ್ಲೇ ಎಚ್ಚರವಾಗಿ, ಅಂಥ ಗ್ಯಾರಂಟಿ ಯಾರೂ ಕೊಡಲಾರರು ಎಂದು ಗೂಗಲ್ ತಾನೇ ಹೇಳಿದೆ. ಕೆಲಸ ಮಾಡಿದವರು ಅವರೇ ಆದರೂ ಪುಟ ನಿಮ್ಮ ಹೆಸರಿನದು. ಗಿರಾಕಿಗೆ ಹೇಳದೆ ಅವರ ಪುಟದಲ್ಲಿ ಅಕ್ಷರ ಅಡಗಿಸುವುದು ಈ ವೃತ್ತಿಯಲ್ಲಿ ಇರುವವರು ಮಾಡಬಾರದ ಕೆಲಸ. ಅಪಾಯ ಹೊರುವವರು ನೀವು, ನಿರ್ಧಾರ ತೆಗೆದುಕೊಂಡವರು ಅವರು.

‘ಈಗ ಎಐ ಕಾಲ, ಅದಕ್ಕೆ ಸೂಚನೆ ಅಡಗಿಸಿ ಇಡೋಣ’ ಎಂದು ಅವರು ಹೊಸ ಸಲಹೆ ತಂದರೂ ಒಪ್ಪಬೇಡಿ. 2025ರ ಜುಲೈನಲ್ಲಿ ಜಪಾನಿನ ನಿಕ್ಕೇಯ್ ಪತ್ರಿಕೆ, ಆರ್ಕೈವ್ ತಾಣದಲ್ಲಿದ್ದ 17 ಸಂಶೋಧನಾ ಪ್ರಬಂಧಗಳ ಕರಡಿನಲ್ಲಿ ‘ಒಳ್ಳೆಯ ವಿಮರ್ಶೆಯನ್ನೇ ಕೊಡು’ ಎಂಬಂಥ ಸೂಚನೆಗಳು ಬಿಳಿ ಅಕ್ಷರದಲ್ಲೋ ಕಣ್ಣಿಗೆ ಕಾಣದಷ್ಟು ಸಣ್ಣ ಅಕ್ಷರದಲ್ಲೋ ಅಡಗಿದ್ದುದನ್ನು ವರದಿ ಮಾಡಿತು. ಯಂತ್ರ ಹೊಸದು, ಬಿಳಿ ಬಣ್ಣ ಹಳೆಯದೇ.

ಪಕ್ಕದವರಿಗೆ ಹೇಳಬೇಕೇ ಎಂದು ಕೇಳಿದ್ದೀರಿ. ಹೇಳಿ. ಮೊದಲು ತೆಗೆಸಿ, ಕ್ಯಾಶ್ ಖಾಲಿ ಮಾಡಿಸಿ, ಅವರ ಹೆಸರು ಮೂಲ ಕೋಡಿನಲ್ಲಿ ಒಂದು ಸಲವೂ ಸಿಗುತ್ತಿಲ್ಲ ಎಂದು ಖಚಿತ ಮಾಡಿಕೊಂಡ ಮೇಲೆ ಫೋನ್ ಮಾಡಿ. ‘ನಮ್ಮ ಸೈಟಿನಲ್ಲಿ ನಿಮ್ಮ ಎಸ್ಟೇಟಿನ ಹೆಸರು ಕಾಣದ ಹಾಗೆ ಹಾಕಿದ್ದರು, ನಮಗೆ ಮೊನ್ನೆ ಗೊತ್ತಾಯಿತು, ತೆಗೆಸಿದ್ದೇವೆ’ ಎಂದರೆ ಸಾಕು. ಹೇಳಿದ ಮೇಲೆ ಅವರ ಸೈಟಿನಲ್ಲೂ ಒಮ್ಮೆ ಕಂಟ್ರೋಲ್-ಎ ಒತ್ತಿ ನೋಡಲು ಹೇಳಿ. ಒಂದೇ ಸಂಸ್ಥೆ ಅದೇ ಸೀಮೆಯ ಹಲವು ಹೋಂಸ್ಟೇಗಳ ಕೆಲಸ ಹಿಡಿದಿರುವುದು ಸಾಮಾನ್ಯ. ಅವರ ಪುಟದ ಬುಡದಲ್ಲಿ ನಿಮ್ಮ ಹೆಸರೂ ಇರಬಹುದು.